ಬಚ್ಚಲ ಒಲೆಗೆ ಹಾಕಿದ ವಹಿ

ಸಾರಿಗೆ ಉಪ್ಪು ಹೆಚ್ಚಾದರೆ ಒಂದು ಬಟಾಟಿ ಹೆಚ್ಚಿ ಹಾಕಿರಿ, ಹಾಲು ತಳ ಹತ್ತಿದರೆ ಕೆದಕದೆ ಬೇರೆ ಪಾತ್ರೆಗೆ ಬಗ್ಗಿಸಿರಿ ಎಂದು ಹೇಳಿಕೊಡುವವರು ಬೇಕಾದಷ್ಟು ಜನ ಇದ್ದಾರೆ. ಅಡಿಗೆಮನೆಯ ತಪ್ಪುಗಳಿಗೆಲ್ಲ ಒಂದಿಲ್ಲೊಂದು ಪರಿಹಾರ ಇದ್ದೇ ಇದೆ. ಆದರೆ ಬಚ್ಚಲ ಒಲೆಗೆ ಹಾಕಿದ ಕಾಗದವನ್ನು ತಿರುಗಿ ಪಡೆಯುವ ಉಪಾಯವನ್ನು ಮಾತ್ರ ಯಾರೂ ಹೇಳಿಕೊಟ್ಟಿಲ್ಲ. ೨೦೨೨ರ ಜನವರಿಯಲ್ಲಿ ನಾನು ಅಂಥದೊಂದು ತಪ್ಪು ಮಾಡಿದೆ. ಆ ತಪ್ಪಿನ ಬೆನ್ನು ಹತ್ತಿ ಹೋದಾಗ ನನಗೆ ಒಬ್ಬ ದೊಡ್ಡ ಕವಿಯ ಪರಿಚಯವಾಯಿತು. ಎರಡನ್ನೂ ಸೋದರಿಯರ ಮುಂದೆ ಹೇಳಿಕೊಂಡರೆ ಮನಸ್ಸು ಹಗುರಾದೀತೆಂದು ಬರೆಯಲು ಕೂತಿದ್ದೇನೆ.

ನನ್ನ ತವರು ಬಬಲೇಶ್ವರ, ಕೊಟ್ಟ ಮನೆ ತಿಕೋಟಾ. ಮಕ್ಕಳ ಅಭ್ಯಾಸದ ಸಲುವಾಗಿ ವಿಜಯಪುರದಲ್ಲಿ ಬಾಡಿಗೆ ಮನೆ ಮಾಡಿಕೊಂಡು ಇದ್ದೇವೆ. ನಮ್ಮವರು ದಿನ ಬೆಳಗಾದರೆ ತಿಕೋಟಾಕ್ಕೆ ಹೋಗಿ ತೋಟ ನೋಡಿಕೊಂಡು ಬರುತ್ತಾರೆ. ಮೂರು ಎಕರೆ ದ್ರಾಕ್ಷಿ ನಮ್ಮದು. ದ್ರಾಕ್ಷಿ ಇದ್ದವರ ಮನೆಯ ಸುಖದುಃಖ ನಿಮಗೆ ಗೊತ್ತಿರಬಹುದು. ಅಕ್ಟೋಬರಿನಲ್ಲಿ ಚಾಟಣಿ ಮಾಡಿದ ಮೇಲೆ ಹೂವಾಗಿ ಕಾಯಿ ಕಟ್ಟುವತನಕ ಮುಗಿಲು ನೋಡಿಕೊಂಡೇ ಕೂಡಬೇಕು. ೨೦೨೧ರ ನವೆಂಬರಿನಲ್ಲಿ ಬರಬಾರದ ಹೊತ್ತಿನಲ್ಲಿ ಮಳೆ ಬಂತು. ದಿನಗಟ್ಟಲೆ ಸೂರ್ಯನ ಮುಖ ಕಾಣಲಿಲ್ಲ. ಎಲೆಗೆ ರೋಗ ಬಿತ್ತು, ಹೂಗೊಂಚಲು ಕೊಳೆತು ಉದುರಿತು. ಔಷಧಿ ಅಂಗಡಿಯ ಉದ್ರಿ, ಸೊಸಾಯಿಟಿಯ ಸಾಲ ಎರಡೂ ತಲೆಯ ಮೇಲೆ ಕೂತವು.

ಹಿರಿಯ ಮಗಳು ಆಗ ಪಿಯುಸಿ ಎರಡನೆಯ ವರ್ಷ, ವಿಜ್ಞಾನ. ಮನೆಯ ಭರವಸೆಯೆಲ್ಲ ಆಕೆಯ ಮೇಲೆ. "ಇಕಿ ಒಬ್ಬಾಕಿ ದಂಡಿಗೆ ಹತ್ತಿದರ ಸಾಕು" ಎಂದು ಇವರು ದಿನಕ್ಕೆ ಹತ್ತು ಸಲ ಅನ್ನುತ್ತಿದ್ದರು. ಟ್ಯೂಶನ್ನಿಗೆ ದುಡ್ಡು ಹೊಂದಿಸಲು ನನ್ನ ಕೈಯ ಎರಡು ಬಳೆ ಒತ್ತೆ ಹೋಗಿದ್ದವು. ಅಂಥ ದಿನಗಳಲ್ಲಿ ಒಂದು ಮುಂಜಾನೆ ಆಕೆಯ ಹಾಸಿಗೆ ಝಾಡಿಸುವಾಗ ದಿಂಬಿನ ಕೆಳಗೆ ಒಂದು ವಹಿ ಸಿಕ್ಕಿತು. ಭೌತಶಾಸ್ತ್ರದ ವಹಿ ಎಂದು ಮೇಲೆ ಬರೆದಿತ್ತು. ಒಳಗೆ ನಾಲ್ಕು ಪುಟ ಲೆಕ್ಕ, ಉಳಿದದ್ದೆಲ್ಲ ಪದ್ಯ! ಮುತ್ತಿನಂಥ ಅಕ್ಷರ, ಅಂಚಿಗೆ ಬಳ್ಳಿಯ ಚಿತ್ರ. ಹಿಂದಿನ ವಾರವಷ್ಟೇ ಕಾಲೇಜಿನ ಪರೀಕ್ಷೆಯಲ್ಲಿ ಆಕೆಗೆ ಅದೇ ವಿಷಯದಲ್ಲಿ ಅಂಕ ಕಡಿಮೆ ಬಿದ್ದಿದ್ದವು.

ನನಗೆ ಎಲ್ಲಿತ್ತೋ ಸಿಟ್ಟು. ಸಿಟ್ಟಲ್ಲ, ಈಗ ಹೇಳಬೇಕೆಂದರೆ ಅದು ಅಂಜಿಕೆ. ಅಂಜಿದ ಮನುಷ್ಯನ ಕೈಗೆ ಬುದ್ಧಿ ಇರುವುದಿಲ್ಲ. ಬಚ್ಚಲಲ್ಲಿ ತೊಗರಿಕಟ್ಟಿಗೆ ಹಚ್ಚಿ ನೀರು ಕಾಯಿಸಲು ಇಟ್ಟಿದ್ದೆ. ಆ ವಹಿಯನ್ನು ಒಂದು ಪುಟ ಸಹ ಪೂರ್ತಿ ಓದದೆ ಒಲೆಯ ಬಾಯಿಗೆ ತುರುಕಿಬಿಟ್ಟೆ. ಆಕೆ ಹಲ್ಲು ತಿಕ್ಕುತ್ತ ಹಿತ್ತಲಲ್ಲಿ ನಿಂತಿದ್ದವಳು ಓಡಿ ಬಂದಳು. ಅಷ್ಟರಲ್ಲಿ ಅರ್ಧ ಉರಿದಿತ್ತು. ಅಳಲಿಲ್ಲ, ಜಗಳಾಡಲಿಲ್ಲ. ಒಲೆಯ ಮುಂದೆ ಸ್ವಲ್ಪ ಹೊತ್ತು ನಿಂತು, ಆ ಬಿಸಿನೀರಿನಲ್ಲಿ ಸ್ನಾನವನ್ನೂ ಮಾಡದೆ ತಣ್ಣೀರು ಹಾಕಿಕೊಂಡು ಕಾಲೇಜಿಗೆ ಹೋದಳು. ಅಂದಿನಿಂದ ನನ್ನ ಕೂಡ ಮಾತು ಬೇಕಾದಷ್ಟೇ. "ಊಟ ಆತೇನ?" ಅಂದರೆ "ಆತು." "ಓದಿದೇನ?" ಅಂದರೆ "ಹೂಂ." ಓದಲಿ ಬಿಡು, ತಾನೇ ಸರಿಹೋಗುತ್ತಾಳೆ ಎಂದು ನನ್ನ ಮನಸ್ಸಿಗೆ ನಾನೇ ಸಮಾಧಾನ ಹೇಳಿಕೊಂಡೆ.

ಫೆಬ್ರುವರಿ ೧೬ರಂದು ಟಿ.ವಿ.ಯಲ್ಲಿ ಸುದ್ದಿ ಬಂತು. ಧಾರವಾಡದಲ್ಲಿ ನಾಡೋಜ ಚೆನ್ನವೀರ ಕಣವಿಯವರು ತೀರಿಕೊಂಡರು, ವಯಸ್ಸು ತೊಂಬತ್ಮೂರು. ನಾನು ಮೆಂತೆಪಲ್ಲೆ ಸೋಸುತ್ತ ಕೂತಿದ್ದೆ. ಮಗಳು ಒಳಗಿನಿಂದ ಬಂದು ಟಿ.ವಿ.ಯ ಮುಂದೆ ನಿಂತಳು. ಸುದ್ದಿ ಮುಗಿಯುವತನಕ ಅಲುಗಾಡಲಿಲ್ಲ. ರಾತ್ರಿ ಊಟಕ್ಕೆ ಕರೆದರೆ ಹಸಿವಿಲ್ಲವೆಂದಳು. ಹೋಗಿ ನೋಡಿದರೆ ಕಣ್ಣು ಕೆಂಪಗೆ.

"ಅವರೇನು ನಿನಗ ಬಂಧು ಆಗಬೇಕಾ? ತುಂಬು ಆಯುಷ್ಯ ಬಾಳಿ ಹೋದ್ರು. ಅದಕ್ಕ್ಯಾಕ ಉಪವಾಸ?" ಅಂದೆ.

ಆಕೆ ಬಹಳ ದಿನಗಳ ಮೇಲೆ ನನ್ನ ಮುಖ ನೋಡಿ ಮಾತಾಡಿದಳು. "ನೀ ಸುಟ್ಟ ವಹಿಯೊಳಗ ಅರ್ಧಕ್ಕಿಂತ ಹೆಚ್ಚು ಅವರ ಪದ್ಯ ಇದ್ದೂವವ್ವಾ. ಲೈಬ್ರರಿ ಪುಸ್ತಕ ನೋಡಿ ಬರಕೊಂಡಿದ್ದೆ. ಉಳಿದದ್ದು ನಂದು. ಅವರಂಗ ಬರೀಬೇಕಂತ ಮಾಡಿದ್ದೆ."

ನನ್ನ ಕೈಯಲ್ಲಿಯ ತಾಟು ಕೈಯಲ್ಲಿಯೇ ಉಳಿಯಿತು.

ಕಣವಿಯವರ ಹೆಸರು ನನಗೆ ಪೂರ್ತಿ ಅಪರಿಚಿತವೇನೂ ಅಲ್ಲ. ಮುಂಜಾವಿನ ಸೋನೆಮಳೆಯ ಮೇಲೆ ಅವರು ಬರೆದ ಹಾಡನ್ನು ರೇಡಿಯೋದಲ್ಲಿ ಎಷ್ಟೋ ಸಲ ಕೇಳಿದ್ದೆ. ಮಳೆ ಶ್ರುತಿ ಹಿಡಿದು, ಗಾಳಿ ಅದರ ಜೊತೆಗೂಡಿ, ನಸುಕಿನಲ್ಲಿ ಒಂದು ಗಾನಕಚೇರಿಯೇ ನಡೆದಂತೆ ಅನ್ನಿಸುವ ಹಾಡು ಅದು. ಆದರೆ ಅದನ್ನು ಬರೆದವರು ಯಾರೆಂದು ನಾನು ಎಂದೂ ವಿಚಾರಿಸಿರಲಿಲ್ಲ. ಹಾಡು ಕೇಳುತ್ತ ರೊಟ್ಟಿ ಬಡಿಯುವುದು, ಹಾಡು ಮುಗಿದ ಮೇಲೆ ಹಿಟ್ಟಿನ ಕೈ ತೊಳೆಯುವುದು, ನಮ್ಮಂಥವರ ಕಾವ್ಯಾಭ್ಯಾಸ ಇಷ್ಟೇ ಅಲ್ಲವೆ?

ಆ ರಾತ್ರಿ ನಮ್ಮವರ ಮುಂದೆ ಈ ವಿಷಯ ಎತ್ತಿದೆ. ಅವರು ದಿನದ ದಣಿವಿನಲ್ಲಿದ್ದರು. "ಮಳಿ ಮ್ಯಾಲೆ ಪದ್ಯ ಬರ್ಯಾಕ ಆ ಹಿರಿಯರಿಗೆ ದ್ರಾಕ್ಷಿ ತ್ವಾಟ ಇರಲಿಲ್ಲ ನೋಡು. ಇದ್ದಿದ್ರ ಗೊತ್ತಾಗತಿತ್ತು ಮಳಿ ಅಂದ್ರೇನಂತ" ಎಂದು ಮಗ್ಗುಲಾದರು. ಅವರ ಮಾತಿನಲ್ಲಿ ಕುಹಕವಿರಲಿಲ್ಲ, ನೋವಿತ್ತು. ನನಗೂ ಉತ್ತರ ಹೊಳೆಯಲಿಲ್ಲ.

ಎಳ್ಳಮಾವಾಸ್ಯೆಗೆ ತವರಿಗೆ ಹೋಗುವುದಾಗಿರಲಿಲ್ಲ. ಶಿವರಾತ್ರಿಯ ಮುಂದೆ ಎರಡು ದಿನ ಬಿಡುವು ಮಾಡಿಕೊಂಡು ಬಬಲೇಶ್ವರಕ್ಕೆ ಹೋದೆ. ನಮ್ಮಪ್ಪ ಪ್ರಾಥಮಿಕ ಶಾಲೆಯ ಮಾಸ್ತರರು. ತೀರಿಕೊಂಡು ಆಗಲೇ ಹತ್ತು ವರ್ಷವಾಗಿತ್ತು. ಪುಸ್ತಕದ ಹುಚ್ಚು ಅವರಿಗೆ ಬಹಳ. ಪಗಾರದ ದಿನ ವಿಜಾಪುರಕ್ಕೆ ಹೋದರೆ ಅವ್ವ ಹೇಳಿದ ಬೆಲ್ಲ ಮರೆತರೂ ಪುಸ್ತಕ ಮರೆಯುತ್ತಿರಲಿಲ್ಲ ಎಂದು ಅವ್ವ ಇಂದಿಗೂ ದೂರು ಹೇಳುತ್ತಾಳೆ. ಅವರ ಕಬ್ಬಿಣದ ಟ್ರಂಕು ಅಟ್ಟದ ಮೇಲಿತ್ತು. "ವೈನಿ, ಅಪ್ಪನ ಟ್ರಂಕು ಒಂದೀಟು ಇಳಿಸೋಣ" ಅಂದೆ. ವೈನಿ ನಗುತ್ತ, "ಈಗ ಯಾಕ ನೆನಪಾತ್ರೀ? ಗೆದ್ದಲ ತಿಂದಿದ್ರ ನನ್ನ ಬೈಬ್ಯಾಡ್ರಿ ಮತ್ತ" ಎಂದು ನಿಚ್ಚಣಿಕೆ ಹಿಡಿದರು.

ಬೇವಿನೆಲೆ ಹಾಕಿ ಇಟ್ಟಿದ್ದರಿಂದ ಗೆದ್ದಲು ತಾಗಿರಲಿಲ್ಲ. ಒಳಗೆ ಅಂಗೈಯಗಲದ ತೆಳುವಾದ ಪುಸ್ತಕಗಳು, ಐವತ್ತು ಅರವತ್ತು ಇದ್ದಾವು. ಶರಣರ ಮೇಲೆ ಒಂದು, ಇತಿಹಾಸದ ಮೇಲೆ ಒಂದು, ವಿಜ್ಞಾನದ ಮೇಲೆ ಒಂದು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದವರು ವಿದ್ವಾಂಸರಿಂದ ಉಪನ್ಯಾಸ ಮಾಡಿಸಿ, ಅದನ್ನೇ ಚಿಕ್ಕ ಪುಸ್ತಕ ಮಾಡಿ, ಬಡ ಮಾಸ್ತರನೂ ಕೊಳ್ಳುವಂಥ ಬೆಲೆಗೆ ಹಂಚಿದ್ದು. ಒಂದನ್ನು ತೆರೆದು ಒಳಪುಟ ನೋಡಿದೆ. ಪ್ರಕಾಶಕರು: ಚೆನ್ನವೀರ ಕಣವಿ, ನಿರ್ದೇಶಕರು, ಪ್ರಸಾರಾಂಗ. ಇನ್ನೊಂದನ್ನು ತೆರೆದೆ, ಅದೇ ಹೆಸರು. ಮತ್ತೊಂದರಲ್ಲಿಯೂ ಅದೇ. ನಾನು ಹುಟ್ಟುವ ಮೊದಲಿನಿಂದಲೂ ಆ ಹೆಸರು ನಮ್ಮ ಮನೆಯ ಅಟ್ಟದ ಮೇಲೆ ಕೂತಿತ್ತು! ಯಾವ ಕವಿ ನಮಗೆ ಏನು ಬಂಧು ಎಂದು ಮಗಳನ್ನು ಕೇಳಿದ್ದೆನಲ್ಲ, ಉತ್ತರ ಟ್ರಂಕಿನಲ್ಲಿಯೇ ಇತ್ತು.

ಅದೇ ಪುಸ್ತಕಗಳ ನಡುವೆ ಒಂದು ಮಡಚಿದ ಹಾಳೆ ಸಿಕ್ಕಿತು. ಬಿಚ್ಚಿದರೆ ನನ್ನ ಅಕ್ಷರ. ಎಂಟನೆಯ ಇಯತ್ತೆಯಲ್ಲಿ ಶಾಲೆಯ ಗ್ಯಾದರಿಂಗಿನಲ್ಲಿ ಓದಲೆಂದು ನಾನು ಬರೆದಿದ್ದ ಡೋಣಿ ಹೊಳೆಯ ಮೇಲಿನ ಪದ್ಯ. ಎಂಟು ಸಾಲು, ಅದರಲ್ಲಿ ಮೂರು ಕಡೆ ತಪ್ಪು. ಅಪ್ಪ ಕೆಂಪು ಮಸಿಯಲ್ಲಿ ತಪ್ಪು ತಿದ್ದಿ, ಕೆಳಗೆ ತಾರೀಖು ಹಾಕಿ, ತಮ್ಮ ಪ್ರೀತಿಯ ಪುಸ್ತಕಗಳ ನಡುವೆ ಜೋಪಾನ ಮಾಡಿದ್ದರು. ನಾನು ಅದನ್ನು ಬರೆದದ್ದನ್ನೇ ಮರೆತಿದ್ದೆ. ನನ್ನ ಎಂಟು ಸಾಲನ್ನು ಬಡ ಮಾಸ್ತರನೊಬ್ಬ ಸಾಯುವತನಕ ಕಾದಿಟ್ಟಿದ್ದ. ಅವನ ಮಗಳಾದ ನಾನು ನನ್ನ ಮಗಳ ಒಂದು ವಹಿಯನ್ನು ನೀರು ಕಾಯುವತನಕವೂ ಇಟ್ಟಿರಲಿಲ್ಲ. ಟ್ರಂಕಿನ ಮುಂದೆ ಕೂತು ಅತ್ತುಬಿಟ್ಟೆ. ವೈನಿ ಪಾಪ, ಅಪ್ಪನ ನೆನಪಾಗಿ ಅಳುತ್ತಾಳೆಂದು ತಿಳಿದು ಚಹಾ ಮಾಡಿ ತಂದರು.

ವಿಜಯಪುರಕ್ಕೆ ಮರಳಿ ಬಂದ ಮೇಲೆ ಜಿಲ್ಲಾ ಗ್ರಂಥಾಲಯಕ್ಕೆ ಹೋಗತೊಡಗಿದೆ. ಸಂತೆಗೆ ಹೋಗುವ ಚೀಲದಲ್ಲಿಯೇ ಪುಸ್ತಕ ತರುವುದು, ಮಧ್ಯಾಹ್ನ ಅತ್ತೆಯವರು ಮಲಗಿದ ಮೇಲೆ ಓದುವುದು. ಕಾವ್ಯ ಎಲ್ಲ ತಿಳಿಯಿತೆಂದು ಜಂಬ ಕೊಚ್ಚುವುದಿಲ್ಲ. ತಿಳಿದಷ್ಟನ್ನು, ಅವರ ಬಾಳಿನ ಕಥೆಯನ್ನು ಇಲ್ಲಿ ಹೇಳುತ್ತೇನೆ.

ಕಣವಿಯವರು ಹುಟ್ಟಿದ್ದು ೧೯೨೮ರ ಜೂನ್ ೨೮ರಂದು, ಗದಗ ಹತ್ತಿರದ ಹೊಂಬಳ ಎಂಬ ಹಳ್ಳಿಯಲ್ಲಿ. ತಂದೆ ಸಕ್ಕರೆಪ್ಪನವರು ನಮ್ಮಪ್ಪನಂತೆಯೇ ಪ್ರಾಥಮಿಕ ಶಾಲೆಯ ಮಾಸ್ತರರು, ತಾಯಿ ಪಾರ್ವತವ್ವ. ನಮ್ಮ ಕಡೆಯಂತೆಯೇ ಆ ಕಡೆಯೂ ಎರೆಭೂಮಿ, ಮಳೆ ನಂಬಿ ಬದುಕುವ ಸೀಮೆ. ಹೆಚ್ಚಿನ ಓದಿಗೆ ಧಾರವಾಡಕ್ಕೆ ಬಂದಾಗ ಆಸರೆಯಾದದ್ದು ಮುರುಘಾಮಠ. ಮಠದ ಪ್ರಸಾದ ಉಂಡು, ಮಠದಲ್ಲಿ ಮಲಗಿ ಓದಿ ದೊಡ್ಡವರಾದ ಎಷ್ಟೋ ಬಡ ಹುಡುಗರಲ್ಲಿ ಇವರೊಬ್ಬರು. ಕರ್ನಾಟಕ ಕಾಲೇಜಿನಲ್ಲಿ ಕಲಿಯುತ್ತಿದ್ದಾಗಲೇ, ೧೯೪೯ರಲ್ಲಿ, ಮೊದಲ ಕವನ ಸಂಗ್ರಹ 'ಕಾವ್ಯಾಕ್ಷಿ' ಬಂತು. ಆಗ ವಯಸ್ಸು ಇಪ್ಪತ್ತೊಂದು. ಧಾರವಾಡವೆಂದರೆ ಬೇಂದ್ರೆಯವರ ಊರು. ಅಂಥ ಊರಿನಲ್ಲಿ ಪದ್ಯ ಬರೆಯುತ್ತೇನೆನ್ನಲು ಒಂದು ಎದೆಗಾರಿಕೆಯೂ ಬೇಕು, ಒಂದು ವಿನಯವೂ ಬೇಕು. ಇವರಲ್ಲಿ ಎರಡೂ ಇದ್ದವೆಂದು ಕಾಣುತ್ತದೆ.

ಎಂ.ಎ. ಮುಗಿಸಿ ವಿಶ್ವವಿದ್ಯಾಲಯದ ಪ್ರಸಾರಾಂಗಕ್ಕೆ ಸೇರಿದರು, ಮುಂದೆ ಅದರ ನಿರ್ದೇಶಕರಾಗಿ ೧೯೮೩ರವರೆಗೆ ದುಡಿದರು. ನಮ್ಮವರಿಗೆ ನಾನು ಹೇಳಿದ ಮೊದಲ ಸಂಗತಿ ಇದೇ: ಕವಿ ಎಂದರೆ ಗಡ್ಡ ಬಿಟ್ಟು ಗುಡ್ಡ ಸುತ್ತುವವನಲ್ಲ. ಹತ್ತು ಗಂಟೆಗೆ ಕಚೇರಿಗೆ ಹೋಗಿ, ಕರಡು ತಿದ್ದಿ, ಅಚ್ಚುಕೂಟದ ಲೆಕ್ಕ ನೋಡಿ, ಸಂಜೆಗೆ ಮನೆಗೆ ಬಂದ ಸಂಸಾರಸ್ಥ ಈತ. ಬೇರೆಯವರ ಪುಸ್ತಕಗಳನ್ನು ನಮ್ಮಪ್ಪನಂಥವರ ಟ್ರಂಕಿನವರೆಗೆ ಮುಟ್ಟಿಸುವುದರಲ್ಲಿ ಇಷ್ಟು ವರ್ಷ ಸವೆಸಿದ ಮನುಷ್ಯ, ಉಳಿದ ಹೊತ್ತಿನಲ್ಲಿ ತನ್ನ ಪದ್ಯ ಬರೆದ. 'ಆಕಾಶಬುಟ್ಟಿ', 'ಮಧುಚಂದ್ರ', 'ಮಣ್ಣಿನ ಮೆರವಣಿಗೆ', 'ನೆಲ ಮುಗಿಲು', 'ನಗರದಲ್ಲಿ ನೆರಳು', 'ಕಾರ್ತೀಕದ ಮೋಡ' ಹೀಗೆ ಸಂಗ್ರಹದ ಮೇಲೆ ಸಂಗ್ರಹ ಬಂದವು. 'ಜೀವಧ್ವನಿ'ಗೆ ೧೯೮೧ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಹುಮಾನ ಸಿಕ್ಕಿತು. ೧೯೯೬ರಲ್ಲಿ ಹಾಸನದಲ್ಲಿ ನಡೆದ ಅರವತ್ತೈದನೆಯ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. ನಾನು ಎಸ್.ಎಸ್.ಎಲ್.ಸಿ. ಪಾಸಾದ ವರ್ಷವದು. ಅಪ್ಪ ಪೇಪರಿನಲ್ಲಿಯ ಆ ಭಾಷಣವನ್ನು ಗಟ್ಟಿಯಾಗಿ ಓದುತ್ತಿದ್ದುದು ಮಸಕಾಗಿ ನೆನಪಿದೆ. ನನ್ನ ಲಕ್ಷ್ಯವೆಲ್ಲ ಆಗ ಹೊಸ ಲಂಗದಾವಣಿಯ ಮೇಲಿತ್ತು.

ಅವರ ಪದ್ಯಗಳಲ್ಲಿ ಸುನೀತಗಳು ಬಹಳ. ಸುನೀತವೆಂದರೆ ಹದಿನಾಲ್ಕೇ ಸಾಲಿನ ಪದ್ಯ. ಇಟಲಿ ದೇಶದಲ್ಲಿ ಹುಟ್ಟಿ, ಇಂಗ್ಲೆಂಡಿನ ಮೇಲೆ ಹಾಯ್ದು ಕನ್ನಡಕ್ಕೆ ಬಂದದ್ದಂತೆ. ಹದಿಮೂರಾಗುವಂತಿಲ್ಲ, ಹದಿನೈದಾಗುವಂತಿಲ್ಲ. ಮೊದಲು ನನಗೆ ಇದೇನು ಹಟವೋ ಅನ್ನಿಸಿತು. ಆಮೇಲೆ ರೊಟ್ಟಿ ಬಡಿಯುವಾಗ ಹೊಳೆಯಿತು: ನಮ್ಮ ಹಂಚಿಗೂ ಒಂದು ಅಳತೆ ಇದೆಯಲ್ಲ! ಹಿಟ್ಟು ಎಷ್ಟೇ ಇರಲಿ, ಹಂಚಿನ ಅಂಚು ಮೀರದಂತೆ, ನಡುವೆ ದಪ್ಪ ಉಳಿಯದಂತೆ ಬಡಿದರೆ ತಾನೆ ರೊಟ್ಟಿ ಉಬ್ಬುವುದು? ಅಳತೆಯೊಳಗೆ ತುಂಬಿಸುವುದರಲ್ಲಿಯೇ ಕೈಗುಣ. ಕಣವಿಯವರದು ಅಂಥ ಕೈ.

ಅವರು ಬರೆಯತೊಡಗಿದ ಕಾಲ ನವೋದಯದ್ದು. ಸ್ವಲ್ಪದರಲ್ಲಿಯೇ ಗೋಪಾಲಕೃಷ್ಣ ಅಡಿಗರು ಮುಂದಾಗಿ ನಡೆದ ನವ್ಯದ ಗಾಳಿ ಬೀಸಿತು. ಹಳೆಯ ರೀತಿಯ ಪದ್ಯಗಳನ್ನು ಹೊಸಬರು ಸಿಟ್ಟಿನಿಂದ ದೂರ ತಳ್ಳಿದ ಕಾಲ. ಕಣವಿಯವರು ಹೊಸದರಿಂದ ಬೇಕಾದಷ್ಟನ್ನು ತೆಗೆದುಕೊಂಡರು, ಹಳೆಯದನ್ನು ಹೊರಗೆ ಎಸೆಯಲಿಲ್ಲ. ಅದಕ್ಕೇ ಅವರನ್ನು ಸಮನ್ವಯದ ಕವಿ ಎಂದು ಬಲ್ಲವರು ಕರೆದರು. ಹೊಸ ಸೊಸೆ ಬಂದ ಮನೆಯಲ್ಲಿ ಅತ್ತೆಯ ಸಾರೂ ಇರಲಿ, ಸೊಸೆಯ ಪಲ್ಯವೂ ಇರಲಿ ಎನ್ನುವ ಹಿರಿಯರಿದ್ದರೆ ಎಷ್ಟು ಚೆಂದವೋ ಹಾಗೆ. ಅಂಥವರ ಧ್ವನಿ ಗದ್ದಲದಲ್ಲಿ ಬೇಗ ಕೇಳಿಸುವುದಿಲ್ಲ ಎಂಬುದೂ ನಿಜ. ಆದರೆ ಗದ್ದಲ ಅಡಗಿದ ಮೇಲೂ ಉಳಿಯುತ್ತದೆ. ಮಕ್ಕಳಿಗಾಗಿ 'ಹಕ್ಕಿ ಪುಕ್ಕ' ಬರೆದರು. ನಮ್ಮ ಜಿಲ್ಲೆಯ ಹಲಸಂಗಿಯ ಕವಿ ಮಧುರಚೆನ್ನರ ಮೇಲೆ ಒಂದು ಪುಸ್ತಕವನ್ನೇ ಬರೆದರು.

ಇನ್ನು ನನಗೆ ಎಲ್ಲಕ್ಕಿಂತ ಸಂತೋಷ ಕೊಟ್ಟ ಸಂಗತಿ. ಈ ಕವಿಯ ಮಡದಿ ಶಾಂತಾದೇವಿ ಕಣವಿಯವರು ಹುಟ್ಟಿದ್ದು ೧೯೩೩ರಲ್ಲಿ, ಬೇರೆಲ್ಲಿಯೂ ಅಲ್ಲ, ನಮ್ಮ ವಿಜಾಪುರದಲ್ಲಿಯೇ! ತವರಿನ ಮನೆತನ ಗಿಡ್ನವರ. ಅಂದರೆ ಕವಿ ನಮ್ಮೂರ ಅಳಿಯ. ಇದನ್ನು ಓದಿದ ದಿನ ನಾನು ಪಲ್ಯದ ಮಾರ್ಕೆಟ್ಟಿನಿಂದ ಬರುವಾಗ ಗೋಳಗುಮ್ಮಟದ ಕಡೆ ನೋಡಿ, ಈ ಗುಮ್ಮಟವನ್ನು ಆಕೆಯೂ ಎಳೆಯ ಕಣ್ಣಿಂದ ನೋಡಿದ್ದಾಳು ಎಂದುಕೊಂಡೆ. ಆಟೋದವನು "ಎಲ್ಲಿಗೆ ಬಾಯಾರ?" ಎಂದು ಕೇಳಿದ್ದು ಮೂರನೆಯ ಸಲಕ್ಕೆ ಕೇಳಿಸಿತು.

ಕವಿಯ ಹೆಂಡತಿ ಎಂದರೆ ಬಂದವರಿಗೆ ಚಹಾ ಕೊಡುವವಳು ಎಂದು ನಾವು ತಿಳಿಯುತ್ತೇವೆ. ಧಾರವಾಡದ ಕಲ್ಯಾಣನಗರದಲ್ಲಿ 'ಚೆಂಬೆಳಕು' ಎಂಬ ಹೆಸರಿನ ಅವರ ಮನೆಗೆ ಸಾಹಿತಿಗಳು, ವಿದ್ಯಾರ್ಥಿಗಳು ಬರುತ್ತಲೇ ಇದ್ದರಂತೆ. ಚಹಾ, ಅವಲಕ್ಕಿ ಆಕೆಯೂ ಮಾಡಿರಬೇಕು. ಆದರೆ ಅಷ್ಟಕ್ಕೇ ನಿಲ್ಲಲಿಲ್ಲ. ಮೂವತ್ನಾಲ್ಕನೆಯ ವಯಸ್ಸಿನಲ್ಲಿ, ೧೯೬೭ರಲ್ಲಿ, 'ಸಂಜೆಮಲ್ಲಿಗೆ' ಎಂಬ ಕಥಾಸಂಗ್ರಹ ತಂದರು. ಆಮೇಲೆ 'ಬಯಲು ಆಲಯ', 'ಮರುವಿಚಾರ', 'ಜಾತ್ರೆ ಮುಗಿದಿತ್ತು' ಹೀಗೆ ಬರೆಯುತ್ತಲೇ ಹೋದರು. ಹೆಸರು ನೋಡಿದರೇ ಗೊತ್ತಾಗುತ್ತದೆ, ನಮ್ಮ ನಿಮ್ಮ ಅಂಗಳದಲ್ಲಿ ನಿಂತು ನೋಡಿದವರ ಕಥೆಗಳೆಂದು. ಒಂದೇ ಸೂರಿನಡಿ ಎರಡು ಲೆಕ್ಕಣಿಕೆ. ಒಂದು ಇನ್ನೊಂದರ ಮಸಿ ಕುಡಿಯಲಿಲ್ಲ. ಅರವತ್ತು ವರ್ಷಕ್ಕೂ ಮಿಕ್ಕಿದ ಸಂಸಾರ ಮಾಡಿ ೨೦೨೦ರ ಮೇ ತಿಂಗಳಲ್ಲಿ ಆಕೆ ಹೋದರು. ಎರಡು ವರ್ಷ ತುಂಬುವ ಮೊದಲೇ ಅವರೂ ಹಿಂಬಾಲಿಸಿದರು.

ಇದನ್ನೆಲ್ಲ ನಾನು ಒಂದೇ ದಿನ ನಮ್ಮವರಿಗೆ ಹೇಳಲಿಲ್ಲ. ಗಂಡಸರಿಗೆ ಹೊಸ ವಿಚಾರವನ್ನು ಮೆಂತೆ ಹಿಟ್ಟು ಬೆರೆಸಿದಂತೆ ಸ್ವಲ್ಪ ಸ್ವಲ್ಪವೇ ಬೆರೆಸಬೇಕು, ಒಮ್ಮೆಲೇ ಹಾಕಿದರೆ ಕಹಿಯಾಗುತ್ತದೆ. ಊಟಕ್ಕೆ ಕೂತಾಗ ಒಂದು ಸಂಗತಿ, ತೋಟದಿಂದ ಬಂದು ಕಾಲು ತೊಳೆಯುವಾಗ ಒಂದು ಸಂಗತಿ. ಮಾಸ್ತರನ ಮಗ, ಮಠದ ಊಟ ಉಂಡು ಕಲಿತವರು, ನೌಕರಿ ಮಾಡಿ ಸಂಸಾರ ನಡೆಸಿದವರು ಎಂದು ಕೇಳಿದ ಮೇಲೆ ಅವರ ಮುಖದ ಗಂಟು ಸ್ವಲ್ಪ ಸಡಿಲವಾಯಿತು. ಆದರೂ ಮಳೆಯ ಪದ್ಯದ ಮೇಲಿನ ಮುನಿಸು ಹೋಗಿರಲಿಲ್ಲ.

ಒಂದು ದಿನ ಜೂನ್ ತಿಂಗಳಲ್ಲಿ ಸಂಜೆ ಹೊತ್ತು ಮೊದಲ ಮಳೆ ಬಂತು. ಬರಬೇಕಾದ ಹೊತ್ತಿಗೆ ಬಂದ ಮಳೆ. ಇವರು ತಿಕೋಟಾದಿಂದ ತೊಯ್ದುಕೊಂಡೇ ಬಂದರು. ತಲೆ ಒರೆಸಿಕೊಳ್ಳುತ್ತ ಹೊಸ್ತಿಲಲ್ಲಿ ನಿಂತು, ಮಣ್ಣಿನ ವಾಸನೆ ಎಳೆದುಕೊಂಡು, "ಜೀವಕ್ಕ ಹಿತ ಅನಸ್ತದ ನೋಡು" ಅಂದರು. ನಾನು ಸುಮ್ಮನಿರದೆ, "ಇದನ್ನs ಅವರು ಬರದದ್ದು. ನಿಮಗ ಅನಸಿದ್ದನ್ನ ನೀವು ಹೊಸ್ತಿಲದಾಗ ಹೇಳಿದ್ರಿ, ಅವರು ಹಾಳಿ ಮ್ಯಾಲೆ ಹೇಳಿದ್ರು" ಅಂದೆ. ಇವರು ಏನೂ ಅನ್ನಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, "ಬರೀಲಿ ಬಿಡು. ಅಭ್ಯಾಸ ಒಂದು ಕೈಬಿಡಬಾರದು" ಅಂದರು. ದ್ರಾಕ್ಷಿ ಕೆಡಿಸಿದ ಮಳೆಯೂ ನಿಜ, ಜೀವಕ್ಕೆ ಹಿತವಾದ ಮಳೆಯೂ ನಿಜ. ಒಂದನ್ನು ಹೇಳಿದ ಮಾತ್ರಕ್ಕೆ ಇನ್ನೊಂದು ಸುಳ್ಳಾಗುವುದಿಲ್ಲ. ಬೆಳೆ ಹೋದವನಿಗೂ ಹಾಡು ಬೇಕಾಗುತ್ತದೆ. ಬಹುಶಃ ಅವನಿಗೇ ಹೆಚ್ಚು ಬೇಕಾಗುತ್ತದೆ.

ನಮ್ಮವರನ್ನು ಒಪ್ಪಿಸಿದ್ದಾಯಿತು. ಮಗಳನ್ನು? ಅದು ಅಷ್ಟು ಸುಲಭವಾಗಲಿಲ್ಲ. "ತಪ್ಪಾತವ್ವಾ" ಎಂದು ಬಬಲೇಶ್ವರದಿಂದ ಬಂದ ದಿನವೇ ಹೇಳಿದ್ದೆ. ಮಕ್ಕಳ ಮುಂದೆ ತಪ್ಪೊಪ್ಪಿಕೊಂಡರೆ ಹಿರಿತನಕ್ಕೆ ಕುಂದೆಂದು ನಮ್ಮಲ್ಲಿ ಅನೇಕರು ತಿಳಿದಿದ್ದಾರೆ, ನಾನೂ ತಿಳಿದಿದ್ದೆ. ಆಕೆ, "ಇರಲಿ ಬಿಡು" ಎಂದಳು. ಅಜ್ಜ ಇಟ್ಟಿದ್ದ ನನ್ನ ಹಾಳೆಯನ್ನು ತೋರಿಸಿದಾಗ ಮಾತ್ರ ಕೈಗೆ ತೆಗೆದುಕೊಂಡು ಬಹಳ ಹೊತ್ತು ನೋಡಿದಳು. ಅಂಗಡಿಯಿಂದ ಗಟ್ಟಿ ರಟ್ಟಿನ ಹೊಸ ವಹಿ ತಂದುಕೊಟ್ಟೆ. ಬೇಡವೆನ್ನಲಿಲ್ಲ, ಆದರೆ ಅದರಲ್ಲಿ ಬರೆದದ್ದನ್ನು ನನಗೆ ಎಂದೂ ತೋರಿಸಲಿಲ್ಲ. ಒಂದು ಸಲ ಮುರಿದ ನಂಬಿಕೆ ಹೊಸ ವಹಿಯಿಂದ ಬರುವುದಿಲ್ಲ, ಕಾಯಬೇಕು. ಕಾಯ್ದೆ. ಪದ್ಯ ತೋರಿಸು ಎಂದು ಒಮ್ಮೆಯೂ ಕೇಳಲಿಲ್ಲ. ಮಧ್ಯಾಹ್ನ ನಾನು ಓದುವ ಕಣವಿಯವರ ಪುಸ್ತಕವನ್ನು ಆಕೆಯ ಕಣ್ಣಿಗೆ ಬೀಳುವಂತೆ ಕಿಡಕಿಯಲ್ಲಿ ಇಡುತ್ತಿದ್ದೆ, ಅಷ್ಟೇ. ಒಮ್ಮೊಮ್ಮೆ ಅರ್ಥವಾಗದ ಸಾಲು ಕೇಳುತ್ತಿದ್ದೆ. ಆಕೆ ಮೊದಮೊದಲು ಚುಟುಕಾಗಿ, ಬರುಬರುತ್ತ ಬಿಡಿಸಿ ಹೇಳತೊಡಗಿದಳು.

ಆಕೆ ಪಿಯುಸಿಯಲ್ಲಿ ಒಳ್ಳೆಯ ಅಂಕದಿಂದ ಪಾಸಾಗಿ, ಇಲ್ಲಿಯೇ ಹಿಟ್ನಳ್ಳಿಯ ಕೃಷಿ ಕಾಲೇಜಿಗೆ ಸೇರಿದಳು. ಪದ್ಯದ ವಹಿ ಸುಟ್ಟಿದ್ದಕ್ಕೆ ಅಂಕ ಬಂದವೆಂದು ದಯವಿಟ್ಟು ಯಾರೂ ತಿಳಿಯಬೇಡಿರಿ. ಆ ವರ್ಷ ಆಕೆ ಓದಿದ್ದು ಸಿಟ್ಟಿನಿಂದ. ಸಿಟ್ಟಿನಿಂದ ಓದಿದ್ದು ಪರೀಕ್ಷೆಗೆ ಸಾಕಾಗಬಹುದು, ಬಾಳಿಗೆ ಸಾಕಾಗುವುದಿಲ್ಲ. ಈಗ ಅಪ್ಪನ ತೋಟಕ್ಕೆ ಹೋಗಿ ಎಲೆ ತಿರುವಿ ನೋಡಿ ಯಾವ ರೋಗಕ್ಕೆ ಯಾವ ಔಷಧಿ ಎಂದು ಹೇಳುತ್ತಾಳೆ. ಇವರು ಬಾಯಿಬಿಟ್ಟು ಕೇಳುತ್ತಾರೆ. ಅದೇ ಹುಡುಗಿ ರಾತ್ರಿ ಕಿಡಕಿಯ ಹತ್ತಿರ ಕೂತು ಬರೆಯುತ್ತಾಳೆ. ಎರಡೂ ಆಕೆಯೇ.

ಕಳೆದ ಸಂಕ್ರಮಣದ ಹಿಂದಿನ ದಿನ. ಸಿದ್ಧೇಶ್ವರ ಜಾತ್ರೆಯ ಗದ್ದಲ ಊರಲ್ಲೆಲ್ಲ. ನಾನು ಸಜ್ಜೆ ರೊಟ್ಟಿಗೆ ಎಳ್ಳು ಹಚ್ಚುತ್ತಿದ್ದೆ. ಮಗಳು ಬಂದು ಆ ಗಟ್ಟಿ ರಟ್ಟಿನ ವಹಿಯನ್ನು ನನ್ನ ಪಕ್ಕದ ಮಾಡದಲ್ಲಿ ಇಟ್ಟು, "ಬಿಡುವಾದಾಗ ಓದು ಅವ್ವಾ" ಎಂದಳು. ನನ್ನ ಕೈಯೆಲ್ಲ ಹಿಟ್ಟು, ಎಳ್ಳು. ಎದೆ ಡವಡವ ಎನ್ನುತ್ತಿತ್ತು. ಬಾಗಿಲವರೆಗೆ ಹೋದವಳು ತಿರುಗಿ ನಿಂತು, ತುಟಿಯಂಚಿನಲ್ಲಿ ನಗುತ್ತ ಅಂದಳು:

"ಖರೆ, ಒಲಿ ಸನೇಕ ಒಯ್ಯಬ್ಯಾಡ."

ಸೋದರಿಯರೆ, ನಿಮ್ಮ ಮನೆಯಲ್ಲಿಯೂ ದಿಂಬಿನ ಕೆಳಗೆ ಒಂದು ವಹಿ ಇರಬಹುದು. ಮಗಳದೋ, ಮಗನದೋ, ಸೊಸೆಯದೋ, ಯಾರಿಗೆ ಗೊತ್ತು, ನಿಮ್ಮದೇ ಹಳೆಯದೋ. ಕಣವಿಯವರಂಥ ಕವಿ ಎಲ್ಲರ ಮನೆಯಲ್ಲಿ ಹುಟ್ಟುವುದಿಲ್ಲ. ನನ್ನ ಮಗಳೂ ಅಷ್ಟು ದೊಡ್ಡವಳಾಗಲಿಕ್ಕಿಲ್ಲ, ಆಗಲೇಬೇಕೆಂದೂ ಇಲ್ಲ. ಆದರೆ ಬರೆದದ್ದನ್ನು ಕಾದಿಡುವ ಒಬ್ಬರು ಪ್ರತಿ ಮನೆಯಲ್ಲಿ ಇರಬೇಕು. ಈಗ ಅಪ್ಪನ ಟ್ರಂಕನ್ನು ಬಬಲೇಶ್ವರದಿಂದ ತರಿಸಿಕೊಂಡು ನನ್ನ ಮಂಚದ ಕೆಳಗೆ ಇಟ್ಟುಕೊಂಡಿದ್ದೇನೆ. ಹೊಸ ಬೇವಿನೆಲೆ ಹಾಕಿದ್ದೇನೆ. ಇನ್ನೂ ಬಹಳ ಜಾಗ ಉಳಿದಿದೆ.